ಸಕ್ಕರೆ ಕಾಯಿಲೆಯಲ್ಲಿ ತೂಕ ತಾನಾಗಿ ಇಳಿಯುತ್ತಿದೆಯೇ? ಸುಮ್ಮನಿರಬೇಡಿ

(ಮಧುಮೇಹಿಗಳು ಮತ್ತು ಅವರ ಮನೆಯವರಿಗಾಗಿ ನೀಡಿದ ಉಪನ್ಯಾಸದ ಬರಹ ರೂಪ)



ಸಕ್ಕರೆ ಕಾಯಿಲೆಯ ಮಾತು ಬಂದಾಗಲೆಲ್ಲ ನೀವು ಕೇಳಿರುವ ಸಲಹೆ ಒಂದೇ: "ತೂಕ ಇಳಿಸಿ." ದಪ್ಪ ಇರುವವರಿಗೆ ಅದು ಸರಿಯಾದ ಸಲಹೆಯೇ. ಆದರೆ ನಾನು ಇಂದು ಮಾತನಾಡುವುದು ಬೇರೆಯವರ ಬಗ್ಗೆ. ಯಾವ ಪ್ರಯತ್ನವೂ ಇಲ್ಲದೆ ತೂಕ ಇಳಿಯುತ್ತಿರುವವರ ಬಗ್ಗೆ. ಉಟ್ಟ ಲುಂಗಿ ಸೊಂಟದಲ್ಲಿ ನಿಲ್ಲುವುದಿಲ್ಲ, ರವಿಕೆ ತೋಳಿನಲ್ಲಿ ಸಡಿಲವಾಗಿದೆ, ಉಂಗುರ ಬೆರಳಿನಿಂದ ಜಾರುತ್ತದೆ, ಮದುವೆ ಮನೆಯಲ್ಲಿ ಕಂಡವರೆಲ್ಲ "ಏನು, ಇಷ್ಟು ಬಡಕಲಾಗಿದ್ದೀರಿ?" ಎಂದು ಕೇಳುತ್ತಾರೆ. ನೀವು "ಸಕ್ಕರೆ ಉಂಟಲ್ಲ, ಹಾಗೆಯೇ" ಎಂದು ಉತ್ತರಿಸಿ ಮುಂದೆ ಹೋಗುತ್ತೀರಿ. ಆ ಉತ್ತರ ಸಾಕಾಗುವುದಿಲ್ಲ ಎಂದು ಹೇಳುವುದೇ ಈ ಉಪನ್ಯಾಸದ ಉದ್ದೇಶ.

ಪುತ್ತೂರು, ಸುಳ್ಯ, ಕಡಬ ತಾಲೂಕುಗಳ ಮಧುಮೇಹಿಗಳನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಈ ಮಾತುಗಳನ್ನು ಹೇಳುತ್ತಿದ್ದೇನೆ. ಇಲ್ಲಿನ ಹೆಚ್ಚಿನವರು ಕುರ್ಚಿಯಲ್ಲಿ ಕುಳಿತು ಕೆಲಸ ಮಾಡುವವರಲ್ಲ. ಅಡಿಕೆ ತೋಟದಲ್ಲಿ, ರಬ್ಬರ್ ಗುಡ್ಡದಲ್ಲಿ ದುಡಿಯುವವರು, ಬೀಡಿ ಕಟ್ಟುವವರು. ದುಡಿಯುವ ದೇಹಕ್ಕೆ ಅನ್ನವೂ ಬೇಕು, ಬಲವೂ ಬೇಕು.

ಎಷ್ಟು ಇಳಿದರೆ ಚಿಂತಿಸಬೇಕು?

ಆರು ತಿಂಗಳಿನಿಂದ ಒಂದು ವರ್ಷದ ಒಳಗೆ, ಬಯಸದೆ, ನಿಮ್ಮ ತೂಕದ 100ರಲ್ಲಿ 5 ಪಾಲು ಇಳಿದಿದ್ದರೆ ವೈದ್ಯರನ್ನು ಕಾಣಲೇಬೇಕು. 60 ಕೆ.ಜಿ. ಇದ್ದವರಿಗೆ ಇದು 3 ಕೆ.ಜಿ. 50 ಕೆ.ಜಿ. ಇದ್ದವರಿಗೆ ಎರಡೂವರೆ ಕೆ.ಜಿ. ಕೇಳಲು ಸಣ್ಣ ಲೆಕ್ಕ, ಆದರೆ ವೈದ್ಯರ ಕಣ್ಣಿಗೆ ದೊಡ್ಡ ಲೆಕ್ಕ.

ಚಾಲಿ ಅಡಿಕೆ ಒಣಗಿದಾಗ ಎಷ್ಟು ಕೆ.ಜಿ. ಕಡಿಮೆಯಾಯಿತು ಎಂದು ಲೆಕ್ಕ ಇಡುವ ನಾವು ನಮ್ಮ ದೇಹದ ಲೆಕ್ಕ ಇಡುವುದಿಲ್ಲ. ದಯವಿಟ್ಟು ಇಂದಿನಿಂದ ಇಡಿ. ತಿಂಗಳಿಗೆ ಎರಡು ಬಾರಿ, ಬೆಳಿಗ್ಗೆ ಮೂತ್ರ ವಿಸರ್ಜನೆಯ ನಂತರ, ತಿಂಡಿಗೆ ಮೊದಲು, ಒಂದೇ ತೂಕದ ಯಂತ್ರದಲ್ಲಿ ತೂಗಿಕೊಳ್ಳಿ. ಸಕ್ಕರೆ ಪರೀಕ್ಷೆಯ ಚೀಟಿ ಇಡುವ ಪುಸ್ತಕದಲ್ಲಿಯೇ ದಿನಾಂಕದ ಜೊತೆ ಬರೆಯಿರಿ. ವೈದ್ಯರಿಗೆ "ಸ್ವಲ್ಪ ಇಳಿದಿದೆ" ಎನ್ನುವುದಕ್ಕಿಂತ "ಮೂರು ತಿಂಗಳಲ್ಲಿ 56ರಿಂದ 52ಕ್ಕೆ ಇಳಿದಿದೆ" ಎಂದರೆ ಅರ್ಧ ರೋಗ ಪತ್ತೆಯಾದ ಹಾಗೆ.

ಮೊದಲನೆಯ ಕಾರಣ: ಸಕ್ಕರೆ ಮೂತ್ರದಲ್ಲಿ ಹರಿದು ಹೋಗುವುದು

ನಾವು ತಿಂದ ಅನ್ನ, ದೋಸೆ, ಚಪಾತಿ ಎಲ್ಲವೂ ಜೀರ್ಣವಾಗಿ ಗ್ಲೂಕೋಸ್ ಆಗಿ ರಕ್ತಕ್ಕೆ ಸೇರುತ್ತದೆ. ರಕ್ತದಿಂದ ಅದು ಜೀವಕೋಶಗಳ ಒಳಗೆ ಹೋಗಲು ಇನ್ಸುಲಿನ್ ಬೇಕು. ಇನ್ಸುಲಿನ್ ಸಾಲದಿದ್ದರೆ ಗ್ಲೂಕೋಸ್ ರಕ್ತದಲ್ಲಿಯೇ ಉಳಿಯುತ್ತದೆ. ರಕ್ತದ ಸಕ್ಕರೆ ಸುಮಾರು 180 ಮಿ.ಗ್ರಾಂ. ದಾಟಿದಾಗ ಮೂತ್ರಪಿಂಡಗಳು ಹೆಚ್ಚಾದುದನ್ನು ಮೂತ್ರದಲ್ಲಿ ಹೊರಗೆ ಹಾಕತೊಡಗುತ್ತವೆ. ತೋಟಕ್ಕೆ ಬಿಟ್ಟ ನೀರು ಅಡಿಕೆ ಮರದ ಬುಡಕ್ಕೆ ಇಳಿಯದೆ ಕಣಿಯಲ್ಲಿ ಹರಿದು ಹೋದ ಹಾಗೆ. ಪಂಪು ಓಡುತ್ತಲೇ ಇದೆ, ಮರ ಒಣಗುತ್ತಲೇ ಇದೆ.

ದಿನಕ್ಕೆ 100 ಗ್ರಾಂ ಗ್ಲೂಕೋಸ್ ಮೂತ್ರದಲ್ಲಿ ಹೋದರೆ 400 ಕ್ಯಾಲೊರಿ ನಷ್ಟ. ಅಂದರೆ ಹೆಚ್ಚುಕಡಿಮೆ ಒಂದು ಹೊತ್ತಿನ ಊಟ ಹೊಟ್ಟೆಗೆ ಹೋಗಿಯೂ ದೇಹಕ್ಕೆ ದಕ್ಕಲಿಲ್ಲ. ಆಗ ದೇಹ ತನ್ನ ಕೊಬ್ಬನ್ನು ಕರಗಿಸುತ್ತದೆ, ನಂತರ ಮಾಂಸಖಂಡವನ್ನು ಕರಗಿಸುತ್ತದೆ. ತೊಡೆ, ತೋಳು ಸಣ್ಣದಾಗುತ್ತವೆ. ಗುಡ್ಡ ಹತ್ತುವಾಗ ಕಾಲು ಸೋಲುತ್ತದೆ. ಬಾಯಾರಿಕೆ, ರಾತ್ರಿ ಪದೇ ಪದೇ ಮೂತ್ರಕ್ಕೆ ಏಳುವುದು, ಸುಸ್ತು, ಇವು ಜೊತೆಯಲ್ಲಿದ್ದರೆ ಈ ಕಾರಣವನ್ನೇ ಮೊದಲು ಶಂಕಿಸಬೇಕು.

ಇಲ್ಲಿಯೇ ಅನೇಕರು ತಪ್ಪು ದಾರಿ ಹಿಡಿಯುತ್ತಾರೆ. ಸಕ್ಕರೆ ಹೆಚ್ಚಾಯಿತೆಂದು ಊಟ ಕಡಿಮೆ ಮಾಡುತ್ತಾರೆ. ಮಧ್ಯಾಹ್ನ ಒಂದು ಹಿಡಿ ಅನ್ನ, ರಾತ್ರಿ ಎರಡು ಒಣ ಚಪಾತಿ. ಸಕ್ಕರೆ ಸ್ವಲ್ಪ ಇಳಿದಂತೆ ಕಾಣುತ್ತದೆ, ಆದರೆ ತೂಕವೂ ಬಲವೂ ಇನ್ನಷ್ಟು ಇಳಿಯುತ್ತವೆ. ನೆನಪಿಡಿ: ತೂಕ ಇಳಿಯುತ್ತಿರುವ ಮಧುಮೇಹಿಗೆ ಬೇಕಾದದ್ದು ಸರಿಯಾದ ಔಷಧಿ ಮತ್ತು ಸಾಕಷ್ಟು ಊಟ. ಉಪವಾಸ ಅಲ್ಲ.

ಇನ್ಸುಲಿನ್ ಎಂದರೆ ಭಯ ಏಕೆ?

"ಇನ್ಸುಲಿನ್ ಶುರು ಮಾಡಿದರೆ ಕಥೆ ಮುಗಿಯಿತು" ಎಂಬ ಮಾತು ಹಳ್ಳಿಯಲ್ಲಿ ಇಂದಿಗೂ ಇದೆ. ನಿಜ ಸಂಗತಿ ಇದಕ್ಕೆ ವಿರುದ್ಧ. 1921ರಲ್ಲಿ ಕೆನಡಾದ ಟೊರಾಂಟೊದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಇನ್ಸುಲಿನ್ ಕಂಡುಹಿಡಿದರು. 1922ರ ಜನವರಿಯಲ್ಲಿ ಅದನ್ನು ಮೊದಲು ಪಡೆದವನು ಲಿಯೊನಾರ್ಡ್ ಥಾಂಪ್ಸನ್ ಎಂಬ 14 ವರ್ಷದ ಹುಡುಗ. ಆಗ ಅವನ ತೂಕ ಸುಮಾರು 30 ಕೆ.ಜಿ. ಮಾತ್ರ. ಆ ಕಾಲದ ಚಿಕಿತ್ಸೆ ಎಂದರೆ ರೋಗಿಯನ್ನು ಅರೆಹೊಟ್ಟೆಯಲ್ಲಿ ಇಡುವುದು. ಇನ್ಸುಲಿನ್ ಸಿಕ್ಕಿದ ಮೇಲೆ ಆ ಹುಡುಗ ಚೇತರಿಸಿಕೊಂಡು ಇನ್ನೂ 13 ವರ್ಷ ಬದುಕಿದ. ಅರೆಹೊಟ್ಟೆಯ ಚಿಕಿತ್ಸೆ ಹೋಗಿ ನೂರು ವರ್ಷ ದಾಟಿದೆ. ನಾವು ಮನೆಯಲ್ಲಿ ಅದನ್ನೇ ಮತ್ತೆ ಶುರು ಮಾಡುವುದು ಬೇಡ.

ಮಾತ್ರೆಯಿಂದ ಸಕ್ಕರೆ ಹತೋಟಿಗೆ ಬಾರದೆ ತೂಕ ಇಳಿಯುತ್ತಿದ್ದರೆ ವೈದ್ಯರು ಇನ್ಸುಲಿನ್ ಹೇಳಬಹುದು. ಕೆಲವರಿಗೆ ಅದು ಕೆಲವು ತಿಂಗಳಿಗೆ ಮಾತ್ರ ಬೇಕಾಗುತ್ತದೆ, ಕೆಲವರಿಗೆ ಯಾವಾಗಲೂ ಬೇಕಾಗುತ್ತದೆ. ಮಳೆಗಾಲದಲ್ಲಿ ದಿನಗಟ್ಟಲೆ ಕರೆಂಟು ಇಲ್ಲದ ಮನೆಗಳಲ್ಲಿ ಫ್ರಿಡ್ಜಿನ ಚಿಂತೆ ಸಹಜ. ಉಪಯೋಗಿಸುತ್ತಿರುವ ಬಾಟಲಿಯನ್ನು ಬಿಸಿಲು, ಒಲೆಯ ಶಾಖ ತಾಗದ ತಂಪಾದ ಕಡೆ ಸುಮಾರು ನಾಲ್ಕು ವಾರ ಇಡಬಹುದು. ಬೇಸಿಗೆಯಲ್ಲಿ ಬಾಟಲಿಯನ್ನು ನೀರು ಹೋಗದಂತೆ ಪ್ಲಾಸ್ಟಿಕ್ ಡಬ್ಬಿಯಲ್ಲಿ ಮುಚ್ಚಿ ಮಣ್ಣಿನ ಮಡಕೆಯ ತಂಪಿನಲ್ಲಿ ಇಡಿ. ಫ್ರೀಜರಿನಲ್ಲಿ ಮಾತ್ರ ಇಡಲೇಬಾರದು.

ಸಕ್ಕರೆ ಹತೋಟಿಯಲ್ಲಿದ್ದೂ ತೂಕ ಇಳಿದರೆ?

ಆಗ ಬೇರೆ ಕಾರಣ ಹುಡುಕಬೇಕು. ಮರದಿಂದ ಎಳೆ ಅಡಿಕೆ ಉದುರಿದಾಗ ಕೊಳೆರೋಗವೋ, ನೀರಿನ ಕೊರತೆಯೋ, ಹುಳುವೋ ಎಂದು ನೋಡುತ್ತೀರಿ. ಎಲ್ಲದಕ್ಕೂ ಬೋರ್ಡೋ ದ್ರಾವಣ ಹೊಡೆಯುವುದಿಲ್ಲ. ದೇಹಕ್ಕೂ ಅದೇ ಕ್ರಮ.

1. ಕ್ಷಯ ರೋಗ. ಮಧುಮೇಹಿಗಳಿಗೆ ಕ್ಷಯ (ಟಿ.ಬಿ.) ಬರುವ ಸಾಧ್ಯತೆ ಇತರರಿಗಿಂತ ಎರಡು ಮೂರು ಪಟ್ಟು ಹೆಚ್ಚು. ಎರಡು ವಾರ ದಾಟಿದ ಕೆಮ್ಮು, ಸಂಜೆಯ ಜ್ವರ, ರಾತ್ರಿ ಬೆವರುವುದು ಇದರ ಲಕ್ಷಣ. ಕೆಲವೊಮ್ಮೆ ತೂಕ ಇಳಿಯುವುದು ಬಿಟ್ಟು ಬೇರೇನೂ ಕಾಣುವುದಿಲ್ಲ. ಸರಕಾರಿ ಆಸ್ಪತ್ರೆಗಳಲ್ಲಿ ಕಫ ಪರೀಕ್ಷೆಯೂ ಔಷಧಿಯೂ ಉಚಿತ. ಚಿಕಿತ್ಸೆ ನಡೆಯುವಷ್ಟು ಕಾಲ ಪೌಷ್ಟಿಕ ಆಹಾರಕ್ಕೆಂದು ಕೇಂದ್ರ ಸರಕಾರ 2018ರಿಂದ ತಿಂಗಳಿಗೆ 500 ರೂಪಾಯಿ ಕೊಡುತ್ತಿತ್ತು. 2024ರ ನವೆಂಬರಿನಿಂದ ಅದನ್ನು 1,000 ರೂಪಾಯಿ ಮಾಡಿದೆ. ನಾಚಿಕೆಪಟ್ಟು ರೋಗ ಮುಚ್ಚಿಡಬೇಡಿ. ಕ್ಷಯದ ಕೆಲವು ಔಷಧಿಗಳು ಸಕ್ಕರೆಯ ಮಾತ್ರೆಯ ಬಲವನ್ನು ಕುಗ್ಗಿಸುತ್ತವೆ. ಆದ್ದರಿಂದ ಎರಡೂ ಕಾಯಿಲೆ ಇರುವುದನ್ನು ಎರಡೂ ವೈದ್ಯರಿಗೆ ಹೇಳಿ.

2. ಥೈರಾಯಿಡ್. ಇದು ಹೆಚ್ಚು ಕೆಲಸ ಮಾಡಿದಾಗ ಚೆನ್ನಾಗಿ ತಿಂದರೂ ತೂಕ ಇಳಿಯುತ್ತದೆ. ಎದೆ ಬಡಿತ, ಕೈ ನಡುಕ, ಬೆವರು ಇರುತ್ತದೆ. ಒಂದು ರಕ್ತ ಪರೀಕ್ಷೆಯಿಂದ ತಿಳಿಯುತ್ತದೆ.

3. ಮೇದೋಜೀರಕ ಗ್ರಂಥಿಯ ತೊಂದರೆ. ಪಕ್ಕದ ಕೇರಳದಲ್ಲಿ ಹೆಚ್ಚಾಗಿ ವರದಿಯಾದ ಒಂದು ಬಗೆಯ ಮಧುಮೇಹವಿದೆ. ಅದರಲ್ಲಿ ಈ ಗ್ರಂಥಿಯಲ್ಲಿ ಕಲ್ಲು ಕಟ್ಟುತ್ತದೆ. ಎಳೆಯ ಪ್ರಾಯದ, ಬಡಕಲು ದೇಹದವರಲ್ಲಿ ಕಾಣುತ್ತದೆ. ಪದೇ ಪದೇ ಹೊಟ್ಟೆನೋವು, ಎಣ್ಣೆಯಂತೆ ತೇಲುವ ದುರ್ವಾಸನೆಯ ಮಲ ಇದರ ಗುರುತು. ಕೊಬ್ಬು ಜೀರ್ಣವಾಗದೆ ಹೋಗುವುದರಿಂದ ತೂಕ ಇಳಿಯುತ್ತದೆ. ಊಟದ ಜೊತೆ ತೆಗೆದುಕೊಳ್ಳುವ ಕಿಣ್ವದ ಮಾತ್ರೆ ಇದಕ್ಕೆ ಇದೆ. ಇನ್ನು, 50 ದಾಟಿದ ಮೇಲೆ ಹೊಸದಾಗಿ ಸಕ್ಕರೆ ಕಾಣಿಸಿಕೊಂಡು ಜೊತೆಗೇ ತೂಕ ವೇಗವಾಗಿ ಇಳಿದರೆ, ಈ ಗ್ರಂಥಿಯಲ್ಲಿ ಗಡ್ಡೆ ಇಲ್ಲವೆಂದು ಸ್ಕ್ಯಾನ್ ಮಾಡಿ ಖಚಿತಪಡಿಸಿಕೊಳ್ಳಬೇಕು.

4. ಔಷಧಿಗಳು. ಮೆಟ್‌ಫಾರ್ಮಿನ್ ಕೆಲವರಿಗೆ ವಾಕರಿಕೆ, ಭೇದಿ ತರುತ್ತದೆ, ಹಸಿವು ತಗ್ಗಿಸುತ್ತದೆ. ಊಟದ ಜೊತೆ ತೆಗೆದುಕೊಂಡರೆ ತೊಂದರೆ ಕಡಿಮೆ. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಗುಂಪಿನ ಮಾತ್ರೆಗಳು ಸಕ್ಕರೆಯನ್ನು ಮೂತ್ರದ ಮೂಲಕ ಹೊರಹಾಕಿಯೇ ಕೆಲಸ ಮಾಡುತ್ತವೆ. ಹೃದಯಕ್ಕೂ ಮೂತ್ರಪಿಂಡಕ್ಕೂ ಅವು ಒಳ್ಳೆಯವು, ಆದರೆ ತೂಕ ಇಳಿಸುತ್ತವೆ. ಸೆಮಾಗ್ಲುಟೈಡ್‌ನಂತಹ ಹೊಸ ಔಷಧಿಗಳು ಹಸಿವನ್ನೇ ಕಡಿಮೆ ಮಾಡುತ್ತವೆ. ಮೊದಲೇ ಸಣಕಲು ಇರುವವರು ಇವುಗಳನ್ನು ಮುಂದುವರಿಸಬೇಕೇ ಎಂದು ವೈದ್ಯರನ್ನು ಕೇಳಬೇಕು. ತಾವಾಗಿ ನಿಲ್ಲಿಸಬಾರದು.

5. ಬಾಯಿ ಮತ್ತು ಹಲ್ಲು. ಸಕ್ಕರೆ ಕಾಯಿಲೆಯಲ್ಲಿ ವಸಡು ಹಾಳಾಗಿ ಹಲ್ಲು ಅಲ್ಲಾಡುತ್ತದೆ. ಅಗಿಯಲಾಗದವರು ಗಂಜಿ ಕುಡಿದೇ ದಿನ ಕಳೆಯುತ್ತಾರೆ. ಅಡಿಕೆ ಜಗಿಯುವವರಲ್ಲಿ ಬಾಯಿಯ ಒಳಚರ್ಮ ಗಟ್ಟಿಯಾಗಿ ಬಾಯಿ ತೆರೆಯುವುದೇ ಕಷ್ಟವಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರ ವರದಿಯಲ್ಲಿ ಅಡಿಕೆಯನ್ನು, ಹೊಗೆಸೊಪ್ಪು ಇಲ್ಲದಿದ್ದರೂ, ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿದೆ. ಅಡಿಕೆಯೇ ಜೀವನಾಧಾರವಾದ ಊರಿನಲ್ಲಿ ಈ ಮಾತು ಹೇಳುವುದು ಸುಲಭವಲ್ಲ. ಆದರೂ ರೋಗಿಯ ಮುಂದೆ ಸತ್ಯವನ್ನೇ ಹೇಳಬೇಕು. ಬಾಯಲ್ಲಿ ಮೂರು ವಾರ ದಾಟಿದ ಹುಣ್ಣು ಇದ್ದರೆ ತಕ್ಷಣ ತೋರಿಸಿ.

6. ಒಂಟಿತನ ಮತ್ತು ಬೇಸರ. ಮಕ್ಕಳು ಬೆಂಗಳೂರಿನಲ್ಲಿ ಅಥವಾ ಗಲ್ಫಿನಲ್ಲಿ. ದೊಡ್ಡ ಮನೆಯಲ್ಲಿ ಇಬ್ಬರೇ ವೃದ್ಧರು, ಅಥವಾ ಒಬ್ಬರೇ. "ಒಬ್ಬಳಿಗೆ ಏನು ಅಡಿಗೆ" ಎಂದು ಬೆಳಗ್ಗಿನ ಅನ್ನಕ್ಕೇ ನೀರು ಹಾಕಿ ಉಪ್ಪಿನಕಾಯಿ ಹಚ್ಚಿಕೊಂಡು ರಾತ್ರಿ ಉಣ್ಣುವ ತಾಯಂದಿರು ಎಷ್ಟೋ ಮಂದಿ. ಮನಸ್ಸು ಕುಗ್ಗಿದರೆ ಹಸಿವೂ ಕುಗ್ಗುತ್ತದೆ. ಇದೂ ಒಂದು ಕಾರಣ, ಇದಕ್ಕೂ ಚಿಕಿತ್ಸೆ ಇದೆ. ದೂರದಲ್ಲಿರುವ ಮಕ್ಕಳು ಫೋನಿನಲ್ಲಿ "ಶುಗರ್ ಎಷ್ಟು?" ಎಂದು ಕೇಳಿದರೆ ಸಾಲದು. "ಇವತ್ತು ಏನು ಅಡಿಗೆ? ತೂಕ ಎಷ್ಟು?" ಎಂದೂ ಕೇಳಬೇಕು.

ಮೂತ್ರಪಿಂಡದ ಕಾಯಿಲೆ, ಹೊಟ್ಟೆ ನಿಧಾನವಾಗಿ ಖಾಲಿಯಾಗುವ ತೊಂದರೆ ಮೊದಲಾದ ಕಾರಣಗಳೂ ಇವೆ. ಅವುಗಳನ್ನು ವೈದ್ಯರು ನೋಡುತ್ತಾರೆ.

ಯಾವ ಪರೀಕ್ಷೆಗಳು?

ಖಾಲಿ ಹೊಟ್ಟೆಯ ಮತ್ತು ಊಟದ ನಂತರದ ಸಕ್ಕರೆ, ಮೂರು ತಿಂಗಳ ಸರಾಸರಿ ತಿಳಿಸುವ ಎಚ್‌ಬಿಎ1ಸಿ, ಮೂತ್ರ ಪರೀಕ್ಷೆ, ಕ್ರಿಯಾಟಿನಿನ್, ರಕ್ತದ ಹಿಮೊಗ್ಲೋಬಿನ್, ಥೈರಾಯಿಡ್, ಎದೆಯ ಎಕ್ಸ್‌ರೇ, ಕಫ ಪರೀಕ್ಷೆ, ಅಗತ್ಯವಿದ್ದರೆ ಹೊಟ್ಟೆಯ ಸ್ಕ್ಯಾನ್. ಪುತ್ತೂರು ಮತ್ತು ಸುಳ್ಯದ ಸರಕಾರಿ ತಾಲೂಕು ಆಸ್ಪತ್ರೆ, ಕಡಬದ ಸಮುದಾಯ ಆರೋಗ್ಯ ಕೇಂದ್ರದಲ್ಲಿ ಮೊದಲು ತೋರಿಸಿ. ಹೆಚ್ಚಿನ ಪರೀಕ್ಷೆ ಬೇಕಾದರೆ ಮಂಗಳೂರಿನ ವೆನ್ಲಾಕ್ ಆಸ್ಪತ್ರೆಯಂತಹ ದೊಡ್ಡ ಆಸ್ಪತ್ರೆಗೆ ಅವರೇ ಚೀಟಿ ಕೊಡುತ್ತಾರೆ. ಹೋಗುವಾಗ ಹಳೆಯ ಚೀಟಿಗಳು ಮತ್ತು ತೆಗೆದುಕೊಳ್ಳುತ್ತಿರುವ ಎಲ್ಲ ಔಷಧಿ, ಕಷಾಯ, ಚೂರ್ಣಗಳನ್ನು ಒಂದು ಚೀಲದಲ್ಲಿ ಕೊಂಡೊಯ್ಯಿರಿ.

ಏನು ತಿನ್ನಬೇಕು?

ಸಕ್ಕರೆ ಹತೋಟಿಗೆ ಬಂದು ಕಾರಣ ತಿಳಿದ ಮೇಲೆ ಊಟ ಹೆಚ್ಚಿಸಬೇಕು. ದಿನಕ್ಕೆ 300ರಿಂದ 500 ಕ್ಯಾಲೊರಿ ಹೆಚ್ಚು ತಿಂದರೆ ತೂಕ ನಿಧಾನವಾಗಿ ಏರುತ್ತದೆ. ಅನ್ನವನ್ನು ಮಾತ್ರ ರಾಶಿ ಹಾಕಿಕೊಂಡರೆ ಸಕ್ಕರೆ ಏರುತ್ತದೆ. ಕುಚ್ಚಲಕ್ಕಿ ಬೆಳ್ತಿಗೆಗಿಂತ ಮೇಲಾದರೂ ಅಕ್ಕಿ ಅಕ್ಕಿಯೇ. ಹಲಸಿನಕಾಯಿ, ಮರಗೆಣಸು ತಿಂದ ದಿನ ಅದನ್ನೂ ಅನ್ನದ ಲೆಕ್ಕಕ್ಕೇ ಸೇರಿಸಿ. ಹೆಚ್ಚಿಸಬೇಕಾದದ್ದು ಬೇಳೆಕಾಳು, ಮೀನು, ಮೊಟ್ಟೆ, ಹಾಲು, ಮೊಸರು, ಬೀಜಗಳು ಮತ್ತು ಮಿತವಾದ ಎಣ್ಣೆ.

ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಪ್ರೊಟೀನ್, ಒಂದು ಲೋಟ ಹಾಲಿನಲ್ಲಿಯೂ ಹೆಚ್ಚುಕಡಿಮೆ ಅಷ್ಟೇ. 100 ಗ್ರಾಂ ಬಂಗುಡೆಯಲ್ಲಿ 19 ಗ್ರಾಂನಷ್ಟು. 100 ಗ್ರಾಂ ಹುರುಳಿಯಲ್ಲಿ 22 ಗ್ರಾಂನಷ್ಟು. 30 ಗ್ರಾಂ ನೆಲಗಡಲೆಯಲ್ಲಿ 7 ಗ್ರಾಂ ಪ್ರೊಟೀನ್ ಜೊತೆಗೆ 170 ಕ್ಯಾಲೊರಿ. ಗೇರುಬೀಜ ನಮ್ಮ ಊರಿನ ಬೆಳೆ. ಗೇರು ಸಂಶೋಧನೆಯ ರಾಷ್ಟ್ರೀಯ ಸಂಸ್ಥೆಯೇ ಪುತ್ತೂರಿನಲ್ಲಿದೆ. ಉಪ್ಪು ಹಾಕದ ಹತ್ತು ಗೇರುಬೀಜ ದಿನಕ್ಕೆ ತಿನ್ನಬಹುದು. ಮಾರುವುದಕ್ಕೆ ಮಾತ್ರ ಬೆಳೆಯುವುದು ಬೇಡ.

ಒಂದು ದಿನದ ಮಾದರಿ ಊಟ:

- ಬೆಳಿಗ್ಗೆ ಕೆಲಸಕ್ಕೆ ಮೊದಲು: ಸಕ್ಕರೆ ಹಾಕದ ಹಾಲಿನ ಚಹಾ, ಒಂದು ಹಿಡಿ ನೆನೆಸಿದ ನೆಲಗಡಲೆ.
- ತಿಂಡಿ: ಮೂರು ಉದ್ದಿನ ಅಥವಾ ಹೆಸರಿನ ದೋಸೆ, ಚಟ್ನಿ, ಒಂದು ಮೊಟ್ಟೆ. ಗಂಜಿ ಉಣ್ಣುವವರು ತಿಳಿ ಕಡಿಮೆ ಮಾಡಿ ಹೆಸರುಕಾಳಿನ ಪಲ್ಯ ಹೆಚ್ಚಿಗೆ ಹಾಕಿಕೊಳ್ಳಿ.
- 11 ಗಂಟೆಗೆ: ಮಜ್ಜಿಗೆ, ಒಂದು ಪೇರಳೆ ಹಣ್ಣು, ಹತ್ತು ಗೇರುಬೀಜ.
- ಮಧ್ಯಾಹ್ನ: ಒಂದೂವರೆ ಕಪ್ ಕುಚ್ಚಲಕ್ಕಿ ಅನ್ನ, ಹುರುಳಿ ಸಾರು ಅಥವಾ ಅಲಸಂಡೆ ಬೀಜ ಹಾಕಿದ ಬಸಳೆ ಸಾಂಬಾರು, ತರಕಾರಿ ಪಲ್ಯ, ಮೊಸರು. ತಿನ್ನುವವರಿಗೆ ಎರಡು ತುಂಡು ಮೀನು.
- ಸಂಜೆ: ಬೇಯಿಸಿದ ಕಡಲೆ ಒಂದು ಕಪ್.
- ರಾತ್ರಿ: ಒಂದು ಕಪ್ ಅನ್ನ ಅಥವಾ ಎರಡು ಚಪಾತಿ, ದಪ್ಪಗೆ ತೊವ್ವೆ, ಪಲ್ಯ.
- ಮಲಗುವಾಗ: ಸಕ್ಕರೆ ಹಾಕದ ಒಂದು ಲೋಟ ಹಾಲು.

ಒಮ್ಮೆಗೇ ಹೆಚ್ಚು ತಿನ್ನಲಾಗದವರು ಆರು ಬಾರಿ ಸ್ವಲ್ಪ ಸ್ವಲ್ಪ ತಿನ್ನಿ. ಹಲ್ಲಿಲ್ಲದವರಿಗೆ ಕಾಳನ್ನು ಬೇಯಿಸಿ ಅರೆದು ಕೊಡಿ. ಮೂತ್ರಪಿಂಡದ ತೊಂದರೆ ಇರುವವರು ಪ್ರೊಟೀನ್ ಎಷ್ಟು ತಿನ್ನಬೇಕೆಂದು ವೈದ್ಯರನ್ನು ಕೇಳಿಯೇ ಹೆಚ್ಚಿಸಬೇಕು.

ತೂಕ ಮಾಂಸಖಂಡವಾಗಿ ಮರಳಬೇಕಾದರೆ ವ್ಯಾಯಾಮವೂ ಬೇಕು. ಸಕ್ಕರೆ ಕರಗಿಸಲು ಮೈಲುಗಟ್ಟಲೆ ನಡೆಯುವುದನ್ನು ಸದ್ಯ ಕಡಿಮೆ ಮಾಡಿ. ಕೈ ಊರದೆ ಕುರ್ಚಿಯಿಂದ ಹತ್ತು ಬಾರಿ ಏಳುವುದು, ಗೋಡೆಗೆ ಕೈ ಒತ್ತಿ ತಳ್ಳುವುದು, ನೀರು ತುಂಬಿದ ಬಾಟಲಿ ಎತ್ತಿ ಇಳಿಸುವುದು, ಇವನ್ನು ದಿನಕ್ಕೆ ಎರಡು ಬಾರಿ ಮಾಡಿ.

ಎರಡು ಎಚ್ಚರಿಕೆಗಳು

ಮೊದಲನೆಯದು, ಸಕ್ಕರೆ ಅತಿಯಾಗಿ ಇಳಿಯುವುದು. ತೂಕ ಇಳಿದ ದೇಹಕ್ಕೆ ಹಳೆಯ ಪ್ರಮಾಣದ ಮಾತ್ರೆ ಅಥವಾ ಇನ್ಸುಲಿನ್ ಹೆಚ್ಚಾಗಬಹುದು. ನಸುಕಿನಲ್ಲಿ ಬರೀ ಕಪ್ಪು ಚಹಾ ಕುಡಿದು ರಬ್ಬರ್ ಟ್ಯಾಪಿಂಗಿಗೆ ಹೋಗುವವರು, ಅಡಿಕೆ ಮರ ಹತ್ತುವವರು ವಿಶೇಷವಾಗಿ ಗಮನಿಸಬೇಕು. ಬೆವರು, ನಡುಕ, ಕಣ್ಣು ಕತ್ತಲೆ ಬಂದರೆ ತಕ್ಷಣ ಮೂರು ಟೀ ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಯಿರಿ. 15 ನಿಮಿಷದಲ್ಲಿ ಸರಿಹೋಗದಿದ್ದರೆ ಮತ್ತೊಮ್ಮೆ ಕುಡಿಯಿರಿ. ಪ್ರಜ್ಞೆ ಇಲ್ಲದವರ ಬಾಯಿಗೆ ಏನನ್ನೂ ಹಾಕಬಾರದು. 108ಕ್ಕೆ ಕರೆ ಮಾಡಿ.

ಎರಡನೆಯದು, ತೂಕ ಇಳಿಯುತ್ತಿರುವವರಿಗೆ ವಾಂತಿ, ಹೊಟ್ಟೆನೋವು, ವೇಗವಾದ ಉಸಿರಾಟ, ಮಂಪರು ಬಂದರೆ ಅದು ರಕ್ತದಲ್ಲಿ ಆಮ್ಲ ಹೆಚ್ಚಾದ ಲಕ್ಷಣ ಇರಬಹುದು. ಅದು ಪ್ರಾಣಾಪಾಯ. ಬೆಳಗಾಗಲಿ ಎಂದು ಕಾಯಬೇಡಿ, ರಾತ್ರಿಯೇ ಆಸ್ಪತ್ರೆಗೆ ಹೋಗಿ.

ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳು

ಪ್ರಶ್ನೆ: ನಾನು ಯಾವಾಗಲೂ ಸಣಕಲು. ಸಣಕಲು ಇರುವವರಿಗೂ ಸಕ್ಕರೆ ಕಾಯಿಲೆ ಬರುತ್ತದೆಯೇ?

ಉತ್ತರ: ಬರುತ್ತದೆ. 2023ರಲ್ಲಿ ಪ್ರಕಟವಾದ ಐ.ಸಿ.ಎಂ.ಆರ್. ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ ಸುಮಾರು 10 ಕೋಟಿ ಮಧುಮೇಹಿಗಳಿದ್ದಾರೆ. ಅವರೆಲ್ಲರೂ ದಪ್ಪ ಇರುವವರಲ್ಲ. ಬಾಲ್ಯದಲ್ಲಿ ಸಾಕಷ್ಟು ಆಹಾರ ಸಿಗದವರಲ್ಲಿ ಕಾಣುವ ಮಧುಮೇಹವನ್ನು ಅಂತರರಾಷ್ಟ್ರೀಯ ಮಧುಮೇಹ ಒಕ್ಕೂಟ 2025ರಲ್ಲಿ "ಟೈಪ್ 5" ಎಂದು ಗುರುತಿಸಿದೆ. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ವೈದ್ಯರ ಸಂಶೋಧನೆಗೆ ಇದರಲ್ಲಿ ಪಾಲಿದೆ. ಇಂತಹವರಿಗೆ ಊಟ ಕಡಿಮೆ ಮಾಡಿ ಎಂಬ ಸಲಹೆ ಹೊಂದುವುದಿಲ್ಲ.

ಪ್ರಶ್ನೆ: ಬಿಂಬುಳಿ ರಸ ಕುಡಿದರೆ ಸಕ್ಕರೆ ಇಳಿಯುತ್ತದೆ ಎನ್ನುತ್ತಾರೆ. ಕುಡಿಯಬಹುದೇ?

ಉತ್ತರ: ಬೇಡ. ಬಿಂಬುಳಿಯ ಹಸಿ ರಸವನ್ನು ಹೆಚ್ಚಾಗಿ ಕುಡಿದು ಮೂತ್ರಪಿಂಡ ಕೆಟ್ಟ ರೋಗಿಗಳ ಬಗ್ಗೆ ಕೇರಳದ ವೈದ್ಯರು ವರದಿ ಮಾಡಿದ್ದಾರೆ. ಅದರಲ್ಲಿರುವ ಆಕ್ಸಲೇಟ್ ಇದಕ್ಕೆ ಕಾರಣ. ಸಾರಿಗೆ ಹುಳಿಯಾಗಿ ಒಂದೆರಡು ಹಾಕುವುದು ಬೇರೆ, ಲೋಟಗಟ್ಟಲೆ ರಸ ಕುಡಿಯುವುದು ಬೇರೆ. ಮೂತ್ರಪಿಂಡದ ಕಾಯಿಲೆ ಇರುವವರು ಧಾರೆಹುಳಿಯನ್ನೂ ತಿನ್ನಬಾರದು. ಯಾವ ಮನೆಮದ್ದಿಗಾಗಿಯೂ ಇನ್ಸುಲಿನ್ ನಿಲ್ಲಿಸಬೇಡಿ.

ಪ್ರಶ್ನೆ: ತೂಕ ಹೆಚ್ಚಿಸುವ ಪುಡಿಗಳನ್ನು ಅಂಗಡಿಯಿಂದ ತರಬಹುದೇ?

ಉತ್ತರ: ಕಾರಣ ತಿಳಿಯದೆ ತರಬೇಡಿ. ಹಲವು ಪುಡಿಗಳಲ್ಲಿ ಸಕ್ಕರೆಯೇ ಹೆಚ್ಚು. ಅದೇ ಹಣಕ್ಕೆ ಮೊಟ್ಟೆ, ಹಾಲು, ನೆಲಗಡಲೆ ತನ್ನಿ.

ಪ್ರಶ್ನೆ: ತೂಕ ಮರಳಿ ಬರಲು ಎಷ್ಟು ಸಮಯ ಬೇಕು?

ಉತ್ತರ: ಸಕ್ಕರೆ ಹತೋಟಿಗೆ ಬಂದರೆ ಮೊದಲು ಸುಸ್ತು ಕಡಿಮೆಯಾಗುತ್ತದೆ. ತೂಕ ಏರಲು ಕೆಲವು ವಾರ, ಕೆಲವು ತಿಂಗಳು ಬೇಕು. ತಿಂಗಳಿಗೆ ಒಂದು ಕೆ.ಜಿ. ಏರಿದರೂ ಅದು ಒಳ್ಳೆಯ ಪ್ರಗತಿ. ಒಂದು ತಿಂಗಳು ಸರಿಯಾಗಿ ಔಷಧಿ, ಊಟ ಮಾಡಿಯೂ ಇಳಿಯುತ್ತಲೇ ಇದ್ದರೆ ಮತ್ತೆ ವೈದ್ಯರ ಬಳಿಗೆ ಹೋಗಿ.

ಬಂಧುಗಳೇ, ಸಕ್ಕರೆ ಕಾಯಿಲೆ ಇದೆ ಎಂದ ಮಾತ್ರಕ್ಕೆ ಒಣಗಿ ಹೋಗಬೇಕೆಂಬ ನಿಯಮ ಇಲ್ಲ. ತೂಕ ಇಳಿಯುವುದಕ್ಕೆ ಕಾರಣ ಇರುತ್ತದೆ, ಹೆಚ್ಚಿನ ಕಾರಣಗಳಿಗೆ ಚಿಕಿತ್ಸೆ ಇರುತ್ತದೆ. ಬೇಗ ಬಂದರೆ ಸುಲಭ, ತಡವಾದರೆ ಕಷ್ಟ. ಈ ಪುಸ್ತಿಕೆಯನ್ನು ಓದಿದ ಮೇಲೆ ಮನೆಯಲ್ಲಿರುವ ಎಲ್ಲ ಮಧುಮೇಹಿಗಳ ತೂಕವನ್ನು ಈ ವಾರವೇ ನೋಡಿ ಬರೆದಿಡಿ. ಓದಲು ಬಾರದ ಹಿರಿಯರಿಗೆ ಓದಿ ಹೇಳಿ, ನೆರೆಮನೆಯವರಿಗೂ ಕೊಡಿ.